ರಾಯಲ್ಸ್ ಫಾರ್ಮ್ ನಿಜಕ್ಕೂ ಎಷ್ಟು ಗಟ್ಟಿ? ಮೈನರ್ ಲೀಗ್ ಹುಡುಗರನ್ನು ಅಳೆಯುವುದು ಹೇಗೆ?

ಓಲೇಥಾ ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಕಾನ್ಸಾಸ್ ಸಿಟಿ ಪಕ್ಕದ ಓಲೇಥಾಕ್ಕೆ ನಾವು ಬಂದು ಮೂರು ವರ್ಷ ಆಯಿತು. ನನಗೆ ಕ್ರಿಕೆಟ್ ಚೆನ್ನಾಗಿ ಗೊತ್ತು, ಬೇಸ್‌ಬಾಲ್ ಇನ್ನೂ ಕಲಿಯುತ್ತಿದ್ದೇನೆ. ಹನ್ನೆರಡು ವರ್ಷದ ಮಗನಿಗೆ ಮಾತ್ರ ಇಲ್ಲಿನ ಬೇಸ್‌ಬಾಲ್ ತಂಡ ರಾಯಲ್ಸ್ ಅಂದರೆ ಪ್ರಾಣ. ಚಳಿಗಾಲದಲ್ಲಿ ಪಂದ್ಯ ಇಲ್ಲವಲ್ಲ, ಹಾಗಾಗಿ ಪ್ರಾಸ್ಪೆಕ್ಟ್ ಪಟ್ಟಿಗಳನ್ನೇ, ಅಂದರೆ ಮುಂದೆ ಮೇಲಿನ ಲೀಗಿಗೆ ಬರಬಹುದಾದ ಹುಡುಗರ ಪಟ್ಟಿಗಳನ್ನೇ, ಓದುತ್ತಾ ಕೂರುತ್ತಾನೆ. ಒಂದು ಪಟ್ಟಿಯಲ್ಲಿ ಒಬ್ಬ ಹುಡುಗ ಮೇಲಿರುತ್ತಾನೆ, ಇನ್ನೊಂದರಲ್ಲಿ ಅವನ ಹೆಸರೇ ಇಲ್ಲ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಅಮ್ಮಾ, ನಮ್ಮ ಫಾರ್ಮ್ ಚೆನ್ನಾಗಿದೆಯೋ ಇಲ್ಲವೋ, ಯಾರನ್ನು ನಂಬಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ತಂಡದ ಫಾರ್ಮ್, ಅಂದರೆ ಕೆಳಗಿನ ಮೈನರ್ ಲೀಗ್‌ಗಳಲ್ಲಿ ಬೆಳೆಯುತ್ತಿರುವ ಅದರ ಹುಡುಗರು, ಗಟ್ಟಿ ಅಂತ ಹೇಗೆ ಹೇಳುತ್ತೀರಿ? ದಯವಿಟ್ಟು ಬಿಡಿಸಿ ಹೇಳಿ, ಅವನಿಗೆ ಓದಿ ಹೇಳುತ್ತೇನೆ.

ಬೆಳಗಿನ ಇನ್ನಿಂಗ್ಸ್:

ಮೇಡಂ, ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಒಮಾಹಾದಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನನಗೆ ಬೆಳಗ್ಗೆ 5:30ಕ್ಕೆ ಸಿಗುತ್ತದೆ. ಕಾಫಿ ಜೊತೆ ನೋಡಿಯೇ ಕೆಲಸಕ್ಕೆ ಹೊರಡುವುದು.

ಮಗನಿಗೆ ಮೊದಲು ಮೆಟ್ಟಿಲುಗಳನ್ನು ಹೇಳಿಕೊಡಿ. ರಾಯಲ್ಸ್‌ಗೆ ತಳದಲ್ಲಿ ಡೊಮಿನಿಕನ್ ರಿಪಬ್ಲಿಕ್ ಮತ್ತು ಅರಿಜೋನಾದ ಹೊಸಬರ ತಂಡಗಳು. ಆಮೇಲೆ ಸಿಂಗಲ್-ಎ ಕೊಲಂಬಿಯಾ, ಹೈ-ಎ ಕ್ವಾಡ್ ಸಿಟೀಸ್, ಡಬಲ್-ಎ ನಾರ್ತ್‌ವೆಸ್ಟ್ ಆರ್ಕನ್ಸಾ, ಕೊನೆಗೆ ಟ್ರಿಪಲ್-ಎ ಒಮಾಹಾ. ಅದನ್ನು ದಾಟಿದರೆ ಮೇಜರ್ ಲೀಗ್. 2021ರಿಂದ ಮೇಜರ್ ಲೀಗಿನ 30 ತಂಡಕ್ಕೂ, ಹೊಸಬರ ತಂಡ ಬಿಟ್ಟು, ಹೀಗೆ ನಾಲ್ಕು ನಾಲ್ಕು, ಒಟ್ಟು 120 ತಂಡಗಳು. ಈ ಮೆಟ್ಟಿಲುಗಳಲ್ಲಿ ಹತ್ತಲು ಕಷ್ಟದ್ದು ಡಬಲ್-ಎ. ಅಲ್ಲಿ ಪಿಚರ್‌ಗಳಿಗೆ (ನಮ್ಮ ಬೌಲರ್ ಇದ್ದ ಹಾಗೆ) ಬರೀ ವೇಗ ಅಲ್ಲ, ಬುದ್ಧಿಯೂ ಇರುತ್ತದೆ. ಕೆಳಗೆ ಮಿಂಚಿ ಅಲ್ಲಿ ಮಂಕಾದವರು ಎಷ್ಟೋ ಜನ.

ಮೈಸೂರು ರಾಯಲ್:

ಅಕ್ಕಾ, ನಾನು ನಿಮ್ಮ ಪಕ್ಕದ ಊರಿನವನೇ. 2008ರಿಂದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿದ್ದೇನೆ. ಮಗನ ಪ್ರಶ್ನೆಗೆ ಉತ್ತರ ನಮ್ಮ ತಂಡದ ಕಥೆಯಲ್ಲೇ ಇದೆ. ಸ್ವಲ್ಪ ಉದ್ದ, ಸಮಾಧಾನವಾಗಿ ಓದಿ.

ನಾನು ಬಂದಾಗ ರಾಯಲ್ಸ್ ಸೋಲುವುದೇ ವಾಡಿಕೆ. 1985ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್, ಗೆದ್ದ ಮೇಲೆ ಪ್ಲೇಆಫ್ ಅನ್ನೋದನ್ನೇ ಕಂಡಿರಲಿಲ್ಲ. ಅಂಥ ಊರಿಗೆ 2011ರ ಆರಂಭದಲ್ಲಿ ಒಂದು ಸುದ್ದಿ ಬಂತು. ಬೇಸ್‌ಬಾಲ್ ಅಮೆರಿಕಾ ಪತ್ರಿಕೆಯ 100 ಪ್ರಾಸ್ಪೆಕ್ಟ್‌ಗಳ ಪಟ್ಟಿಯಲ್ಲಿ ಒಂಬತ್ತು ಜನ ನಮ್ಮವರು! ಅದರಲ್ಲೂ ಐವರು ಮೊದಲ 20ರೊಳಗೆ. ಅದಕ್ಕೂ ಮುಂಚೆ ಯಾವ ತಂಡದಿಂದಲೂ ಅಷ್ಟು ಜನ ಇರಲಿಲ್ಲ. ಆಫೀಸಿನಲ್ಲಿ, ಬಾರ್ಬರ್ ಶಾಪಿನಲ್ಲಿ, ಎಲ್ಲೆಲ್ಲೂ ಅದೇ ಮಾತು.

ಆ ಒಂಬತ್ತು ಹೆಸರು ನನಗೆ ಇವತ್ತಿಗೂ ಬಾಯಿಪಾಠ. ಎರಿಕ್ ಹಾಸ್ಮರ್, ಮೈಕ್ ಮುಸ್ಟಾಕಸ್, ವಿಲ್ ಮೈಯರ್ಸ್, ಜಾನ್ ಲ್ಯಾಂಬ್, ಮೈಕ್ ಮಾಂಟ್ಗಮರಿ, ಕ್ರಿಶ್ಚಿಯನ್ ಕೊಲೋನ್, ಡ್ಯಾನಿ ಡಫಿ, ಜೇಕ್ ಓಡೊರಿಜ್ಜಿ, ಕ್ರಿಸ್ ಡ್ವಾಯರ್.

ಆ ಏಪ್ರಿಲ್‌ನಲ್ಲಿ ಹಾಸ್ಮರ್‌ನನ್ನು ನೋಡಲೆಂದೇ ಕಾರು ಹತ್ತಿ ಒಮಾಹಾಕ್ಕೆ ಹೋದೆ. ಮೂರು ಗಂಟೆ ದಾರಿ. ವರ್ನರ್ ಪಾರ್ಕ್ ಆಗಷ್ಟೇ ಶುರುವಾಗಿತ್ತು, ಇನ್ನೂ ಬಣ್ಣದ ವಾಸನೆ. ಹುಡುಗನಿಗೆ 21 ವಯಸ್ಸು, ಎದುರಿಗಿದ್ದ ಪಿಚರ್‌ಗಳಲ್ಲಿ ಹೆಚ್ಚಿನವರು ಅವನಿಗಿಂತ ದೊಡ್ಡವರು. ಎರಡು ಸ್ಟ್ರೈಕ್ ಆಗಿತ್ತು, ಇನ್ನೊಂದಾದರೆ ಔಟ್. ಹೊರಕ್ಕೆ ಜಾರುವ ಚೆಂಡು ಬಂತು, ಎಂಥವರೂ ಕೈ ಚಾಚುವಂಥದ್ದು. ಅವನು ಭುಜವನ್ನೂ ಅಲುಗಾಡಿಸಲಿಲ್ಲ. ಮುಂದಿನದನ್ನು ಎಡಕ್ಕೆ, ಇಬ್ಬರು ಫೀಲ್ಡರ್‌ಗಳ ನಡುವೆ ನೂಕಿ ಎರಡನೇ ಬೇಸ್ ತಲುಪಿದ. ಬಾರಿಸಿದ್ದಕ್ಕಿಂತ ಆ ಬಿಟ್ಟ ಚೆಂಡು ನನ್ನ ಮನಸ್ಸಿನಲ್ಲಿ ಉಳಿಯಿತು. ಒಮಾಹಾದಲ್ಲಿ 26 ಪಂದ್ಯಗಳಲ್ಲಿ ಅವನ ಸರಾಸರಿ .439, ಅಂದರೆ ನೂರು ಸಲ ಬ್ಯಾಟ್ ಮಾಡಿದರೆ ಸುಮಾರು 44 ಹಿಟ್, ಚೆಂಡು ಹೊಡೆದು ಬೇಸ್ ತಲುಪಿದ್ದು. ಮೇ 6ಕ್ಕೆ ಕಾನ್ಸಾಸ್ ಸಿಟಿಗೆ ಕರೆಸಿಕೊಂಡರು.

ಈಗ ಲೆಕ್ಕ ನೋಡಿ. 2015ರಲ್ಲಿ ನಾವು ವರ್ಲ್ಡ್ ಸೀರೀಸ್ ಗೆದ್ದಾಗ ಆ ಒಂಬತ್ತರಲ್ಲಿ ತಂಡದಲ್ಲಿದ್ದವರು ನಾಲ್ವರು: ಹಾಸ್ಮರ್, ಮುಸ್ಟಾಕಸ್, ಡಫಿ, ಕೊಲೋನ್. ಇನ್ನು ನಾಲ್ವರನ್ನು ಬೇರೆ ತಂಡಕ್ಕೆ ಕೊಟ್ಟು ನಮಗೆ ಬೇಕಾದವರನ್ನು ತಂದರು. ಮೈಯರ್ಸ್, ಮಾಂಟ್ಗಮರಿ, ಓಡೊರಿಜ್ಜಿ ಮೂವರೂ 2012ರ ಡಿಸೆಂಬರ್‌ನಲ್ಲಿ ಟ್ಯಾಂಪಾಕ್ಕೆ ಹೋದರು, ಅಲ್ಲಿಂದ ಪಿಚರ್‌ಗಳಾದ ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್ ಬಂದರು. ಲ್ಯಾಂಬ್‌ಗೆ ಮೊಣಕೈ ಶಸ್ತ್ರಚಿಕಿತ್ಸೆ ಆಗಿ ಹೆಸರು ಕೆಳಗಿಳಿದಿತ್ತು. ಆದರೂ 2015ರ ಜುಲೈನಲ್ಲಿ ಸಿನ್ಸಿನಾಟಿಯಿಂದ ಜಾನಿ ಕ್ವೇಟೊನನ್ನು ತರುವಾಗ ಕೊಟ್ಟ ಮೂವರಲ್ಲಿ ಅವನೂ ಒಬ್ಬ. ಆ ಕ್ವೇಟೊ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯವನ್ನು ಒಬ್ಬನೇ ಪೂರ್ತಿ ಪಿಚ್ ಮಾಡಿ, ಎರಡೇ ಹಿಟ್ ಕೊಟ್ಟ. ಕೊನೆಯ ಪಂದ್ಯದ ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿದವನು ಡೇವಿಸ್.

ಉಳಿದವನು ಡ್ವಾಯರ್ ಒಬ್ಬ. ಪಾಪ, ಮೇಲಿನ ಲೀಗಿನಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ಪಂದ್ಯ.

ನಾಲ್ಕು ಜನ ಆಡಿದರು, ನಾಲ್ಕು ಜನರನ್ನು ಕೊಟ್ಟು ಕೊಂಡರು, ಒಬ್ಬ ಕೈಗೆ ಬರಲಿಲ್ಲ. ಫಾರ್ಮ್ ಗಟ್ಟಿ ಅನ್ನೋದಕ್ಕೆ ನನ್ನ ಅರ್ಥ ಇದು. ಒಂಬತ್ತೂ ಜನ ಸ್ಟಾರ್ ಆಗಬೇಕಿಲ್ಲ. ಆದರೆ ಯಾವ ನಾಲ್ವರು ನಿಲ್ಲುತ್ತಾರೆ ಅಂತ 2011ರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಒಂಬತ್ತು ಬೇಕಿತ್ತು.

ಇನ್ನೊಂದು ಮಾತು. ಆ ಸೀರೀಸ್‌ನ ಅತ್ಯುತ್ತಮ ಆಟಗಾರ ಸಾಲ್ವಡೋರ್ ಪೆರೆಜ್ ಆ 100ರ ಪಟ್ಟಿಯಲ್ಲಿ ಇರಲೇ ಇಲ್ಲ. 2006ರಲ್ಲಿ ವೆನೆಜುವೆಲಾದಿಂದ 65,000 ಡಾಲರ್‌ಗೆ ಸಹಿ ಹಾಕಿದ ಹುಡುಗ. ಅದೇ 2011ರ ಆಗಸ್ಟ್‌ನಲ್ಲಿ ಮೇಲೆ ಬಂದ.

ದಾವಣಗೆರೆ ಡೇಟಾ:

ಅಣ್ಣಾ, ಓದಿ ಖುಷಿಯಾಯಿತು. ಆದರೆ ಇದು ಹಬ್ಬ ಮುಗಿದ ಮೇಲೆ ಹೋಳಿಗೆ ಎಣಿಸಿದ ಹಾಗೆ. ಗೆದ್ದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಗು ಕೇಳುತ್ತಿರುವುದು ಮುಂಚೆಯೇ ಹೇಗೆ ತಿಳಿಯುವುದು ಅಂತ. ಅದಕ್ಕೆ ಸಂಖ್ಯೆ ಬೇಕು.

ನಾನು ನೋಡುವ ಮೊದಲ ವಿಷಯ ವಯಸ್ಸು. ಡಬಲ್-ಎನಲ್ಲಿ 20ರ ಹುಡುಗ ಸುಮಾರಾಗಿ ಆಡಿದರೂ 25ರವನು ಮಿಂಚಿದ್ದಕ್ಕಿಂತ ಅದು ದೊಡ್ಡದು. ಹುವಾನ್ ಸೋಟೊ 2018ನ್ನು ಸಿಂಗಲ್-ಎನಲ್ಲಿ ಶುರು ಮಾಡಿದ, ಮೇ ತಿಂಗಳಿಗೆ ವಾಷಿಂಗ್ಟನ್ ತಂಡದಲ್ಲಿ ಆಡುತ್ತಿದ್ದ. ಆಗ ಅವನಿಗೆ 19. ಅಂಥವರು ಮೆಟ್ಟಿಲು ಹತ್ತುವ ವೇಗವೇ ಎಲ್ಲ ಹೇಳಿಬಿಡುತ್ತದೆ.

ಎರಡನೆಯದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್ ಆಗುವುದು) ಮತ್ತು ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆ ಬೇಸ್ ಪಡೆಯುವುದು). ಇದಕ್ಕೂ ರಾಯಲ್ಸ್‌ದೇ ಉದಾಹರಣೆ ಕೊಡುತ್ತೇನೆ. 2019ರಲ್ಲಿ, ಆಗ ರಾಯಲ್ಸ್‌ನ ಹೈ-ಎ ಆಗಿದ್ದ ವಿಲ್ಮಿಂಗ್ಟನ್‌ನಲ್ಲಿ, ಎಂಜೆ ಮೆಲೆಂಡೆಜ್ .163, ನಿಕ್ ಪ್ರಾಟೊ .191. ಎಲ್ಲರೂ ಕೈಬಿಟ್ಟಿದ್ದರು. ಬ್ಯಾಟಿಂಗ್ ರೀತಿಯನ್ನೇ ಬದಲಿಸಿಕೊಂಡು ಬಂದು 2021ರಲ್ಲಿ ಮೆಲೆಂಡೆಜ್ 41 ಹೋಂ ರನ್ ಹೊಡೆದ. ಮೈನರ್ ಲೀಗ್‌ಗಳಲ್ಲೆಲ್ಲ ಅದೇ ಅತಿ ಹೆಚ್ಚು. ಪ್ರಾಟೊ 36. ಆಗ ಎಲ್ಲರೂ ಕುಣಿದರು. ಆದರೆ ಪ್ರಾಟೊ ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದಕ್ಕಿಂತ ಜಾಸ್ತಿ ಸಲ ಸ್ಟ್ರೈಕ್‌ಔಟ್ ಆಗುತ್ತಿದ್ದ. ಮೇಲೆ ಬಂದ ಮೇಲೆ ಅದು ಇನ್ನೂ ಏರಿತು. ಇಬ್ಬರೂ ಅಲ್ಲಿ ಜಾಗ ಉಳಿಸಿಕೊಳ್ಳಲಿಲ್ಲ. ಹೋಂ ರನ್ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಿದ ಬೀಸನ್ನು ನಾವೇ ಕೂತು ಎಣಿಸಬೇಕು.

ಮೂರನೆಯದು ಮೈದಾನ. ಪೆಸಿಫಿಕ್ ಕೋಸ್ಟ್ ಲೀಗಿನ ರೀನೊ, ಆಲ್ಬುಕರ್ಕಿ ಎತ್ತರದ ಊರುಗಳು, ಗಾಳಿ ತೆಳು, ಚೆಂಡು ಹಾರುತ್ತದೆ. ಅಲ್ಲಿನ 25 ಹೋಂ ರನ್ ಬೇರೆ ಕಡೆಯ 25 ಅಲ್ಲ. ನಮ್ಮ ರಣಜಿಯಲ್ಲಿ ಸಪಾಟು ಪಿಚ್ ಮೇಲಿನ ಇನ್ನೂರನ್ನು ನಾವು ಹೇಗೆ ನೋಡುತ್ತೇವೋ ಹಾಗೆ. ವಿಲ್ಮಿಂಗ್ಟನ್ ಇದಕ್ಕೆ ತದ್ವಿರುದ್ಧ, ಬ್ಯಾಟರ್‌ಗಳನ್ನು ಹಿಂಡುವ ಮೈದಾನ.

ಪಟ್ಟಿಗಳು ಸುಳ್ಳು ಅಂತಲೂ ಅಲ್ಲ. ಬಾಲ್ಟಿಮೋರ್ 2021ರಲ್ಲಿ 110 ಪಂದ್ಯ ಸೋತಿತ್ತು. ಆಡ್ಲಿ ರಚ್‌ಮನ್, ಗನ್ನರ್ ಹೆಂಡರ್ಸನ್ ಒಂದೇ ಡ್ರಾಫ್ಟಿನವರು (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು), 2019ರದ್ದು, ಒಬ್ಬ 1ನೇ ಆಯ್ಕೆ, ಇನ್ನೊಬ್ಬ 42ನೇದು. ಇಬ್ಬರನ್ನೂ ಪಟ್ಟಿಗಳು ತುದಿಯಲ್ಲೇ ಇಟ್ಟಿದ್ದವು. 2023ರಲ್ಲಿ ಅದೇ ತಂಡ 101 ಗೆದ್ದಿತು.

ವೂಸ್ಟರ್ ಅಕ್ಕ:

ಡೇಟಾ ತಮ್ಮಾ, ಬಾಲ್ಟಿಮೋರ್ ಕಥೆಯನ್ನು 2023ಕ್ಕೆ ನಿಲ್ಲಿಸಬೇಡಿ. 2025ರಲ್ಲಿ ಅವರು ಗೆದ್ದದ್ದು 75. ಬ್ಯಾಟರ್‌ಗಳನ್ನು ರಾಶಿ ರಾಶಿ ಬೆಳೆಸಿದರು, ಪಿಚರ್‌ಗಳು ಸಾಲಲಿಲ್ಲ. ಫಾರ್ಮ್ ಅನ್ನೋದು ಕಣಜ ಇದ್ದ ಹಾಗೆ. ಭತ್ತ ತುಂಬಿದೆ ಅಂತ ಬಾಗಿಲು ಹಾಕಿಕೊಂಡು ಕೂತರೆ ಆಗದು. ಉಪ್ಪು, ಎಣ್ಣೆ ಬೇಕಾದಾಗ ಒಂದಷ್ಟು ಮೂಟೆ ಸಂತೆಗೆ ಹೋಗಲೇಬೇಕು.

ಬಾಸ್ಟನ್ ರೆಡ್ ಸಾಕ್ಸ್‌ನ ಟ್ರಿಪಲ್-ಎ ತಂಡ ವೂಸ್ಟರ್ ಆಡುವ ಪೋಲಾರ್ ಪಾರ್ಕ್‌ನಿಂದ ನಾನು ಹತ್ತೇ ನಿಮಿಷ ದೂರ. ರೆಡ್ ಸಾಕ್ಸ್ ಹುಡುಗರನ್ನೆಲ್ಲ ಅಲ್ಲೇ ನೋಡಿದ್ದೇನೆ. 2024ರ ಡಿಸೆಂಬರ್‌ನಲ್ಲಿ ನಾಲ್ವರನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಗ್ಯಾರೆಟ್ ಕ್ರೋಷೆಯನ್ನು ತಂದರು. ಕೊಟ್ಟವರಲ್ಲಿ ಕೈಲ್ ಟೀಲ್, ಬ್ರೇಡನ್ ಮಾಂಟ್ಗಮರಿ ಇಬ್ಬರೂ ಮೊದಲ ಸುತ್ತಿನ ಆಯ್ಕೆಗಳು. ಟೀಲ್ ಹೋದಾಗ ನನಗೆ ನಿಜಕ್ಕೂ ಬೇಜಾರಾಯಿತು. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಆಗಿ ಅವನು ಪಿಚರ್ ಹತ್ತಿರ ಓಡಿ ಹೋಗಿ ಮಾತಾಡುವ ರೀತಿ ನನಗೆ ಬಹಳ ಇಷ್ಟ. ಆದರೆ ಕ್ರೋಷೆ 2025ರಲ್ಲಿ 18 ಗೆದ್ದು 5 ಸೋತ, 255 ಸ್ಟ್ರೈಕ್‌ಔಟ್. ಆ ನಾಲ್ವರು ಇಲ್ಲದಿದ್ದರೆ ಅವನು ಬರುತ್ತಲೇ ಇರಲಿಲ್ಲ.

ಉಳಿಸಿಕೊಂಡವರ ಕಥೆಯೂ ಒಂದೇ ರೀತಿ ಇಲ್ಲ. ರೋಮನ್ ಆಂಥನಿ 2022ರಲ್ಲಿ 79ನೇ ಆಯ್ಕೆ. ಅವನಿಗಿಂತ ಮೊದಲು 78 ಹುಡುಗರನ್ನು ಆರಿಸಿದ್ದರು! 2025ರ ಜೂನ್‌ನಲ್ಲಿ ಟ್ರಿಪಲ್-ಎ ಪಂದ್ಯದಲ್ಲಿ 497 ಅಡಿ ಹೊಡೆದು, ಎರಡೇ ದಿನಕ್ಕೆ ಬಾಸ್ಟನ್‌ನಲ್ಲಿದ್ದ. ಕ್ರಿಸ್ಟಿಯನ್ ಕ್ಯಾಂಪ್‌ಬೆಲ್ ಸೀಸನ್ನಿನ ಮೊದಲ ದಿನವೇ ಬಾಸ್ಟನ್‌ನಲ್ಲಿ ಆಡಿದ, ಏಪ್ರಿಲ್‌ನಲ್ಲಿ ಎಂಟು ವರ್ಷಕ್ಕೆ 60 ಮಿಲಿಯನ್ ಡಾಲರ್ ಒಪ್ಪಂದ, ಜೂನ್‌ನಲ್ಲಿ ವಾಪಸ್ ವೂಸ್ಟರ್. ಅವನು ಮರಳಿ ಬಂದ ದಿನ ನಮ್ಮ ಸ್ಟ್ಯಾಂಡ್‌ನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.

ಓಲೇಥಾ ಶಿವಮೊಗ್ಗ:

ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಪೆರೆಜ್ ಪಟ್ಟಿಯಲ್ಲೇ ಇರಲಿಲ್ಲ ಅಂದಾಗ ಅವನ ಕಣ್ಣು ಅರಳಿದ್ದು ನೋಡಬೇಕಿತ್ತು.

ಅವನ ಮುಂದಿನ ಪ್ರಶ್ನೆ: ಜ್ಯಾಕ್ ಕ್ಯಾಗ್ಲಿಯೋನ್ 2025ರ ಆರಂಭದಲ್ಲಿ ನಮ್ಮ ಪಟ್ಟಿಯ ತುದಿಯಲ್ಲಿದ್ದ, ಈಗ ಹೆಸರೇ ಇಲ್ಲ. .157 ಹೊಡೆದದ್ದಕ್ಕೆ ತೆಗೆದುಹಾಕಿದರಾ? ಅವನು ಕೆಟ್ಟವನಾ ಹಾಗಾದರೆ? ಇದನ್ನು ಕೇಳುವಾಗ ಅವನ ದನಿ ಸಣ್ಣಗಾಗಿತ್ತು. ಗೋಡೆ ಮೇಲೆ ಕ್ಯಾಗ್ಲಿಯೋನ್ ಚಿತ್ರ ಇದೆ.

ದಾವಣಗೆರೆ ಡೇಟಾ:

ಇಲ್ಲ ಇಲ್ಲ, ಚಿತ್ರ ಅಲ್ಲೇ ಇರಲಿ! ಮೇಲಿನ ಲೀಗಿನಲ್ಲಿ 130ಕ್ಕಿಂತ ಹೆಚ್ಚು ಸಲ ಬ್ಯಾಟ್ ಮಾಡಿದವನನ್ನು ಅಥವಾ 50 ಇನ್ನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದವನನ್ನು ಪಟ್ಟಿಗಳು ಪ್ರಾಸ್ಪೆಕ್ಟ್ ಅಂತ ಎಣಿಸುವುದಿಲ್ಲ. ಕ್ಯಾಗ್ಲಿಯೋನ್ 2025ರ ಜೂನ್ 3ರಿಂದ 62 ಪಂದ್ಯ ಆಡಿದ. ಅಷ್ಟೇ ಕಾರಣ. ಇದು ಶಾಲೆ ಮುಗಿಸಿ ಕಾಲೇಜಿಗೆ ಹೋದ ಹಾಗೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಇರುವುದಿಲ್ಲ.

ಕಾರ್ಟರ್ ಜೆನ್ಸನ್ ನೋಡಿ, 2025ರ ಸೆಪ್ಟೆಂಬರ್‌ನಲ್ಲಿ ಬಂದು 20 ಪಂದ್ಯ ಆಡಿ .300 ಹೊಡೆದ. ಅಷ್ಟು ಕಡಿಮೆ ಆಡಿದ್ದಕ್ಕೆ ಆ ಸೀಸನ್ ಮುಗಿದ ಮೇಲೂ ಅವನ ಹೆಸರು ಪಟ್ಟಿಯಲ್ಲಿ ಉಳಿಯಿತು. ಹಾಗಾಗಿ ಒಂದು ತಂಡದ ಫಾರ್ಮ್ ಈ ವರ್ಷ ಕೆಳಗಿಳಿಯಿತು ಅಂದಾಗ ಮೊದಲು ಕೇಳಬೇಕಾದ್ದು: ಹುಡುಗರು ಕೆಟ್ಟರಾ, ಅಥವಾ ಮೇಲೆ ಹೋದರಾ? ರಾಯಲ್ಸ್‌ನ ಬಾಬಿ ವಿಟ್ 2022ರಲ್ಲಿ ಮೇಲೆ ಹೋದಾಗ ಫಾರ್ಮ್ ಬಡವಾಯಿತು, ತಂಡಕ್ಕೆ ಮಾತ್ರ ಮುಂದೆ 2024ರಲ್ಲಿ .332 ಹೊಡೆದು ಬ್ಯಾಟಿಂಗ್ ಕಿರೀಟ ಗೆದ್ದವನು ಸಿಕ್ಕ.

.157ಕ್ಕೆ ಹೆದರಬೇಡಿ ಅಂತ ಮಗನಿಗೆ ಹೇಳಿ. ಜಾಕ್ಸನ್ ಹಾಲಿಡೇ 2024ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್‌ಗೆ ಬಂದಾಗ ಬೇಸ್‌ಬಾಲ್‌ನಲ್ಲೇ ನಂಬರ್ 1 ಪ್ರಾಸ್ಪೆಕ್ಟ್. 34 ಸಲ ಬ್ಯಾಟ್ ಮಾಡಿ ಎರಡೇ ಹಿಟ್. ಕೆಳಗೆ ಕಳಿಸಿದರು, ಮತ್ತೆ ಬಂದ.

ಮೈಸೂರು ರಾಯಲ್:

ಇದಕ್ಕೆ ನಮ್ಮ ಮುಸ್ಟಾಕಸ್ ಕಥೆಯನ್ನೂ ಸೇರಿಸುತ್ತೇನೆ. 2014ರ ಮೇ ತಿಂಗಳು, ಅವನ ಸರಾಸರಿ .152. ಮೂರು ವರ್ಷ ಮೇಲಿನ ಲೀಗಿನಲ್ಲಿ ಆಡಿದವನನ್ನು ಒಮಾಹಾಕ್ಕೆ ವಾಪಸ್ ಕಳಿಸಿದರು. ಊರಿನಲ್ಲಿ ಎಲ್ಲರೂ ಮುಗಿಯಿತು ಅಂದರು, ನಾನೂ ಅಂದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ಲೇಆಫ್‌ನಲ್ಲಿ ಐದು ಹೋಂ ರನ್ ಹೊಡೆದ.

ಅಲೆಕ್ಸ್ ಗಾರ್ಡನ್ ಇನ್ನೂ ಹಿಂದಿನವನು. 2005ರಲ್ಲಿ ಎರಡನೇ ಆಯ್ಕೆ. ಮೂರನೇ ಬೇಸ್‌ನಲ್ಲಿ ನಿಲ್ಲಲಿಲ್ಲ. 2010ರಲ್ಲಿ ಒಮಾಹಾಕ್ಕೆ ಕಳಿಸಿ ಎಡ ಔಟ್‌ಫೀಲ್ಡ್ ಕಲಿಸಿದರು. ಆಮೇಲೆ ಎಂಟು ಗೋಲ್ಡ್ ಗ್ಲವ್, ಅಂದರೆ ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ! 2015ರ ಸೀರೀಸ್‌ನ ಮೊದಲ ಪಂದ್ಯದಲ್ಲಿ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸ್ಕೋರ್ ಸಮ ಮಾಡಿದ ಹೋಂ ರನ್ ಅವನದೇ. ಬೇಗ ತೀರ್ಪು ಕೊಡುವವರ ಮಾತು ಕೇಳಿದ್ದರೆ ಅವನನ್ನು 2010ರಲ್ಲೇ ಬಿಟ್ಟುಬಿಡಬೇಕಿತ್ತು.

ಹುಡುಗ ಎಲ್ಲಿ ಆಡುತ್ತಾನೆ ಅನ್ನೋದನ್ನೂ ಮಗ ನೋಡಲಿ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ), ಕ್ಯಾಚರ್, ಸೆಂಟರ್ ಫೀಲ್ಡ್ ಮೂರೂ ಕಷ್ಟದ ಜಾಗ. ಅಲ್ಲಿ ಚೆನ್ನಾಗಿ ಆಡುವವನು ಬ್ಯಾಟ್‌ನಲ್ಲಿ ಸುಮಾರಿದ್ದರೂ ನಡೆಯುತ್ತದೆ. ಶಾರ್ಟ್‌ಸ್ಟಾಪ್ ಬೇಕಾದರೆ ಎರಡನೇ ಬೇಸ್‌ಗೆ ಹೋಗಬಹುದು, ಫಸ್ಟ್ ಬೇಸ್‌ನವನಿಗೆ ಹೋಗಲು ಜಾಗವೇ ಇಲ್ಲ. ಅವನು ಬ್ಯಾಟ್‌ನಿಂದಲೇ ಬದುಕಬೇಕು. ಜೆನ್ಸನ್ ಬಗ್ಗೆ ನನಗೆ ಅಷ್ಟು ಆಸೆ ಇರುವುದು ಅದಕ್ಕೇ, ಕ್ಯಾಚರ್ ಆಗಿ ಬ್ಯಾಟನ್ನೂ ಬೀಸುತ್ತಾನೆ. ಕಾನ್ಸಾಸ್ ಸಿಟಿಯಲ್ಲೇ ಬೆಳೆದ ಹುಡುಗ ಬೇರೆ.

ಪಿಚರ್‌ಗಳ ವಿಷಯಕ್ಕೆ ಬಂದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. 2018ರ ಡ್ರಾಫ್ಟಿನಲ್ಲಿ ನಮ್ಮವರು ಮೊದಲ ಐದೂ ಆಯ್ಕೆಗಳಲ್ಲಿ ಕಾಲೇಜು ಪಿಚರ್‌ಗಳನ್ನೇ ತೆಗೆದುಕೊಂಡರು: ಬ್ರೇಡಿ ಸಿಂಗರ್, ಜಾಕ್ಸನ್ ಕೋವರ್, ಡೇನಿಯಲ್ ಲಿಂಚ್, ಕ್ರಿಸ್ ಬೂಬಿಕ್, ಜೊನಾಥನ್ ಬೋಲನ್. ಐವರೂ ಒಟ್ಟಿಗೆ ಬೆಳೆದು ಒಟ್ಟಿಗೆ ಬರುತ್ತಾರೆ ಅನ್ನೋ ಲೆಕ್ಕ. ಐದಾರು ವರ್ಷದ ಮೇಲೆ ನೋಡಿದರೆ ಸಿಂಗರ್ ಚೆನ್ನಾಗಿ ಆಡಿ ಟ್ರೇಡ್‌ನಲ್ಲಿ ಸಿನ್ಸಿನಾಟಿಗೆ ಹೋದ. ಲಿಂಚ್ ಪಂದ್ಯದ ನಡುವೆ ಬಂದು ಎಸೆಯುವ ರಿಲೀಫ್ ಪಿಚರ್ ಆದ. ಕೋವರ್ ನಮ್ಮಲ್ಲಿ ನಿಲ್ಲಲಿಲ್ಲ. ಬೂಬಿಕ್ ಮೊಣಕೈ ಶಸ್ತ್ರಚಿಕಿತ್ಸೆ ಮುಗಿಸಿ ಬಂದು 2025ರಲ್ಲಿ ಆಲ್-ಸ್ಟಾರ್ ಆದ. ಏಳು ವರ್ಷ ಕಾಯಬೇಕಾಯಿತು. ಆ ಹೊತ್ತಿಗೆ ನಮ್ಮ ಅತ್ಯುತ್ತಮ ಪಿಚರ್ ಅನ್ನಿಸಿಕೊಂಡಿದ್ದ ಕೋಲ್ ರೇಗನ್ಸ್ ಬಂದದ್ದು 2023ರಲ್ಲಿ, ಟೆಕ್ಸಸ್‌ನಿಂದ, ಟ್ರೇಡ್ ಮೂಲಕ.

ನಾನು ಈಗ ಪಟ್ಟಿ ನೋಡುವಾಗ ಇಬ್ಬರು ಪಿಚರ್‌ಗಳನ್ನು ಒಬ್ಬ ಅಂತ ಎಣಿಸುತ್ತೇನೆ.

ಎಡಗೈ ಸ್ಪಿನ್ನರ್:

ಪಿಚರ್ ಅಂದಕೂಡಲೇ ನನಗೆ ಕುಮಾರ್ ರಾಕರ್ ನೆನಪಾಗುತ್ತಾನೆ. ತಾಯಿಯ ಕಡೆಯಿಂದ ಭಾರತೀಯ ಮೂಲದ ಹುಡುಗ, ಹಾಗಾಗಿ ನ್ಯೂಜೆರ್ಸಿಯ ನಮ್ಮ ಬಳಗದಲ್ಲಿ ಎಲ್ಲರೂ ಅವನ ಹಿಂದೆ ಬಿದ್ದಿದ್ದೆವು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ 10ನೇ ಆಯ್ಕೆಯಲ್ಲಿ ತೆಗೆದುಕೊಂಡಿತು. ವೈದ್ಯಕೀಯ ತಪಾಸಣೆ ನೋಡಿದ ಮೇಲೆ ಸಹಿಯೇ ಹಾಕಿಸಲಿಲ್ಲ. ಮುಂದಿನ ವರ್ಷ ಟೆಕ್ಸಸ್ 3ನೇ ಆಯ್ಕೆಯಲ್ಲೇ ಕರೆಯಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2024ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಮೇಲೆ ಬಂದ. ಆ ರಾತ್ರಿ ನಮ್ಮ ಮನೆಯಲ್ಲಿ ಎಂಟು ಜನ ಸೇರಿ ನೋಡಿದೆವು, ನನ್ನ ಹೆಂಡತಿ ಹೆಸರುಬೇಳೆ ಪಾಯಸ ಮಾಡಿದ್ದಳು.

ಒಬ್ಬನೇ ಹುಡುಗ, ಒಂದೇ ತೋಳು. ಎರಡು ತಂಡಗಳು ಎರಡು ರೀತಿ ಓದಿದವು. ಎಕ್ಸ್-ರೇ ನಮ್ಮ ಕೈಗೆ ಸಿಗುವುದಿಲ್ಲ. ಹೊರಗೆ ಕೂತು ಹೇಳುವವರ ಪಟ್ಟಿಯಲ್ಲಿ ಇದೊಂದು ಭಾಗ ಯಾವಾಗಲೂ ಖಾಲಿ.

ದಾವಣಗೆರೆ ಡೇಟಾ:

ಮೈಸೂರಣ್ಣಾ, ಮೈಯರ್ಸ್ ಟ್ರೇಡ್ ಬಗ್ಗೆ ಮಾತ್ರ ನಾನು ಇನ್ನೂ ಒಪ್ಪುವುದಿಲ್ಲ. ಹೊಸ ಆಟಗಾರ ಆರು ವರ್ಷ ತಂಡದ ಕೈಯಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್. ರಾಯಲ್ಸ್‌ನಂಥ ಸಣ್ಣ ಊರಿನ ತಂಡಕ್ಕೆ ಅದೇ ಬಂಡವಾಳ. ಮೈಯರ್ಸ್ 2013ರಲ್ಲಿ ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ ಆದ. ಶೀಲ್ಡ್ಸ್ ಎರಡೇ ವರ್ಷ ಇದ್ದು ಹೊರಟುಹೋದ. ಆ ದಿನದ ಲೆಕ್ಕದಲ್ಲಿ ಅದು ನಷ್ಟದ ವ್ಯಾಪಾರ.

ಮೈಸೂರು ರಾಯಲ್:

ಆ ದಿನ ನಾನೂ ಹಾಗೇ ಅಂದುಕೊಂಡಿದ್ದೆ, ತಮ್ಮಾ. ಸಿಟ್ಟಿನಲ್ಲಿ ಹೆಂಡತಿಯ ಹತ್ತಿರ ಇನ್ನು ಈ ತಂಡ ನೋಡುವುದಿಲ್ಲ ಅಂದಿದ್ದೆ. ಮೈಯರ್ಸ್ ನನ್ನ ಮೆಚ್ಚಿನ ಹುಡುಗ.

ಆದರೆ ನಿನ್ನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ಹಾಸ್ಮರ್‌ಗೂ ಮುಸ್ಟಾಕಸ್‌ಗೂ ಅದೇ ಆರು ವರ್ಷ ಓಡುತ್ತಿತ್ತು, ಅಲ್ವಾ? ಪಿಚರ್ ಬರುವ ತನಕ ಕಾಯುತ್ತಾ ಕೂತಿದ್ದರೆ ಇವರ ವರ್ಷಗಳು ಕರಗಿ ಹೋಗುತ್ತಿದ್ದವು. 2013ರಲ್ಲಿ ಶೀಲ್ಡ್ಸ್ 228 ಇನ್ನಿಂಗ್ಸ್‌ಗಿಂತ ಜಾಸ್ತಿ ಪಿಚ್ ಮಾಡಿದ, ಆ ವರ್ಷ ಅಮೆರಿಕನ್ ಲೀಗಿನಲ್ಲೇ ಅದು ಅತಿ ಹೆಚ್ಚು. ತಂಡ 86 ಗೆದ್ದಿತು, ಹತ್ತು ವರ್ಷದಲ್ಲಿ ಮೊದಲ ಸಲ ಗೆಲುವು ಸೋಲಿಗಿಂತ ಹೆಚ್ಚಾಯಿತು. 2014ರಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ತನಕ ಹೋದೆವು. ಡೇವಿಸ್‌ನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಡುವ ರನ್, ಕಡಿಮೆ ಇದ್ದಷ್ಟೂ ಚೆನ್ನ) ಆ ವರ್ಷ 1.00, ಮರುವರ್ಷ 0.94. ಟ್ರೇಡ್ ಆದ ದಿನ ಡೇವಿಸ್ ಹೆಸರನ್ನು ಯಾರೂ ಎತ್ತಿರಲಿಲ್ಲ.

ಮತ್ತೆ ಕೊಲೋನ್. 2010ರಲ್ಲಿ ನಾಲ್ಕನೇ ಆಯ್ಕೆ. ಏಳನೇ ಆಯ್ಕೆಯಲ್ಲಿ ಮೆಟ್ಸ್‌ಗೆ ಹೋದವನು ಮ್ಯಾಟ್ ಹಾರ್ವಿ. ಹಾರ್ವಿ ಸ್ಟಾರ್ ಪಿಚರ್ ಆದ, ಕೊಲೋನ್ ಬೆಂಚಿನಲ್ಲಿ ಕೂತ. ತಪ್ಪು ಆಯ್ಕೆ ಅಂತ ಊರೆಲ್ಲ ಬೈದಿತು. 2015ರ ನವೆಂಬರ್ 1, ನ್ಯೂಯಾರ್ಕ್‌ನಲ್ಲಿ ಐದನೇ ಪಂದ್ಯ. ಮೆಟ್ಸ್ ಪರ ಶುರು ಮಾಡಿದವನು ಅದೇ ಹಾರ್ವಿ, ಎಂಟು ಇನ್ನಿಂಗ್ಸ್ ನಮಗೆ ಒಂದು ರನ್ ಕೂಡ ಕೊಡಲಿಲ್ಲ. ಒಂಬತ್ತರಲ್ಲಿ ನಾವು ಸಮ ಮಾಡಿದೆವು. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಕೊಲೋನ್‌ನನ್ನು ಕಳಿಸಿದರು. ಆ ಪ್ಲೇಆಫ್‌ನಲ್ಲಿ ಅವನು ಅಲ್ಲಿಯ ತನಕ ಒಂದು ಸಲವೂ ಬ್ಯಾಟ್ ಹಿಡಿದಿರಲಿಲ್ಲ. ಎಡಕ್ಕೆ ಹೊಡೆದ, ಗೆಲುವಿನ ರನ್ ಬಂತು. ನಾನು ಸೋಫಾ ಮೇಲೆ ಹತ್ತಿ ನಿಂತಿದ್ದೆ. ನಿದ್ದೆಯಿಂದ ಎದ್ದು ಬಂದ ಮಗಳು ಅಪ್ಪ ಯಾಕೆ ಅಳುತ್ತಿದ್ದಾನೆ ಅಂತ ಕೇಳಿದಳು.

ಹಾರ್ವಿ ಒಳ್ಳೆಯ ಆಯ್ಕೆ ಅನ್ನೋದನ್ನು ಇವತ್ತೂ ಒಪ್ಪುತ್ತೇನೆ. ಆದರೆ ಆ ಒಂದು ಹಿಟ್ ಅನ್ನು ಯಾವ ಕಾಲಂನಲ್ಲಿ ಬರೆಯುವುದು ಅಂತ ನೀನೇ ಹೇಳು.

ದಾವಣಗೆರೆ ಡೇಟಾ:

ಆ ಕೊನೆಯ ಹಿಟ್‌ಗೆ ನನ್ನ ಹತ್ತಿರ ಕಾಲಂ ಇಲ್ಲ ಅಣ್ಣಾ. ಹಾಸ್ಮರ್ ವರ್ಷಗಳ ಮಾತು ಸರಿ, ನಾನು ಒಬ್ಬೊಬ್ಬರನ್ನೇ ಬೇರೆ ಬೇರೆ ತೂಗಿದ್ದೆ.

ಬೆಳಗಿನ ಇನ್ನಿಂಗ್ಸ್:

ಒಂದು ಪ್ರಶ್ನೆ. ತಂಡಗಳ ಪರವಾಗಿ ಆಟಗಾರರನ್ನು ನೋಡಿ ಅಳೆಯುವ ಸ್ಕೌಟ್‌ಗಳು ಕೊಡುವ 20ರಿಂದ 80ರ ಅಂಕ ಮಗುವಿಗೆ ಅರ್ಥ ಆಗಿದೆಯಾ? 50 ಅಂದರೆ ಮೇಜರ್ ಲೀಗಿನ ಸರಾಸರಿ, ಶಾಲೆಯ ಐವತ್ತರ ಹಾಗೆ ಪಾಸ್ ಮಾತ್ರ ಅಲ್ಲ. ಮೇಜರ್ ಲೀಗಿನಲ್ಲಿ ಸರಾಸರಿ ಆಗುವುದೇ ಬಹಳ ದೊಡ್ಡದು. 80 ಸಿಗುವುದು ಅಪರೂಪದಲ್ಲಿ ಅಪರೂಪ. ನಮ್ಮ ಹುಡುಗನಿಗೆ 45 ಅಂತ ಬರೆದಿದ್ದರೆ ಫೇಲ್ ಅಂದುಕೊಂಡು ಬೇಜಾರಾಗುವುದು ಬೇಡ.

ಮೈಸೂರು ರಾಯಲ್:

ಒಳ್ಳೆಯ ಮಾತು. ಅಕ್ಕಾ, ಇನ್ನೊಂದು ಕೆಲಸ ಹೇಳುತ್ತೇನೆ, ಮಗನಿಗೆ ಖಂಡಿತ ಇಷ್ಟವಾಗುತ್ತದೆ. ಹೋದ ಬೇಸಿಗೆಯಲ್ಲಿ ನಾನು, ಮಗಳು ಒಮಾಹಾದಲ್ಲಿ ಹೋಂ ಪ್ಲೇಟ್ ಹಿಂದೆ ಕೂತಿದ್ದೆವು. ಮುಂದಿನ ಸಾಲಿನಲ್ಲಿ ಒಬ್ಬರು ಸ್ಕೌಟ್, ತೊಡೆ ಮೇಲೆ ನೋಟ್‌ಬುಕ್, ಕೈಯಲ್ಲಿ ಸ್ಟಾಪ್‌ವಾಚ್. ರನ್ನರ್ ಓಡಿದಾಗಲೆಲ್ಲ ಅವರ ಹೆಬ್ಬೆರಳು ಎರಡು ಸಲ ಅಲುಗುತ್ತಿತ್ತು. ಮಗಳು ಕೇಳಿಯೇ ಬಿಟ್ಟಳು. ಅವರು ತಿರುಗಿ ಹೇಳಿಕೊಟ್ಟರು: ಚೆಂಡು ಕ್ಯಾಚರ್ ಗ್ಲವ್‌ಗೆ ಬಿದ್ದಾಗ ಒಂದು ಸಲ ಒತ್ತು, ಎರಡನೇ ಬೇಸ್‌ನಲ್ಲಿ ಫೀಲ್ಡರ್ ಗ್ಲವ್‌ಗೆ ಬಿದ್ದಾಗ ಇನ್ನೊಂದು ಸಲ. 2.0 ಸೆಕೆಂಡ್ ಸಾಧಾರಣ, 1.9 ಬಂದರೆ ತುಂಬಾ ಚೆನ್ನ.

ಆಮೇಲೆ ಮಗಳು ನನ್ನ ಫೋನ್ ಕಿತ್ತುಕೊಂಡಳು. ಮೊದಲನೆಯದು 2.41, ಅವಳದೇ ಬೆರಳು ತಡವಾಗಿತ್ತು. ಎದುರಾಳಿ ತಂಡದ ಕ್ಯಾಚರ್ ಆರನೇ ಇನ್ನಿಂಗ್ಸ್‌ನಲ್ಲಿ ಎಸೆದಾಗ 1.93. ಸ್ಕೌಟ್ ತಮ್ಮ ವಾಚ್ ತಿರುಗಿಸಿ ತೋರಿಸಿದರು, 1.94. ಆ ಹುಡುಗನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮಗಳು ಮನೆಗೆ ಬಂದು ಅವನ ಹೆಸರನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದಾಳೆ, ಇವತ್ತಿಗೂ ಪ್ರತಿ ವಾರ ಅವನ ಸ್ಕೋರ್ ನೋಡುತ್ತಾಳೆ.

ಓಲೇಥಾ ಶಿವಮೊಗ್ಗ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಗ ಶಾಲೆಯ ಹಳೇ ನೋಟ್‌ಬುಕ್ಕಿನಲ್ಲಿ ತನ್ನದೇ ಪಟ್ಟಿ ಮಾಡಿದ್ದಾನೆ. ಪ್ರತಿ ಹೆಸರಿನ ಮುಂದೆ ವಯಸ್ಸು, ಯಾವ ಮೆಟ್ಟಿಲು, ಎಲ್ಲಿ ಆಡುತ್ತಾನೆ, ಎಷ್ಟು ಸ್ಟ್ರೈಕ್‌ಔಟ್. ಕೊನೆಯ ಕಾಲಂನಲ್ಲಿ ಮೂರರಲ್ಲಿ ಒಂದು ಬರೆಯುತ್ತಾನೆ: "ಇಲ್ಲೇ ಇರಲಿ", "ಕೊಟ್ಟು ಪಿಚರ್ ತನ್ನಿ", "ಕಾಯೋಣ". ಜೆನ್ಸನ್ ಮುಂದೆ "ಇಲ್ಲೇ ಇರಲಿ" ಅಂತ ಎರಡು ಗೆರೆ ಎಳೆದಿದ್ದಾನೆ. 2023ರಲ್ಲಿ ಎಂಟನೇ ಆಯ್ಕೆಯಲ್ಲಿ ಬಂದ ಬ್ಲೇಕ್ ಮಿಚೆಲ್ ಕೂಡ ಕ್ಯಾಚರ್. ಇಬ್ಬರು ಕ್ಯಾಚರ್ ಇದ್ದಾಗ ಏನು ಬರೆಯಬೇಕು ಅಂತ ಒಂದು ಗಂಟೆ ತಲೆ ಕೆಡಿಸಿಕೊಂಡ. "ಕೊಟ್ಟು ಪಿಚರ್ ತನ್ನಿ" ಅಂತ ಬರೆದು, ಅಳಿಸಿ, "ಕಾಯೋಣ" ಮಾಡಿದ. ಆ ಹುಡುಗನಿಗೆ ಬೇಜಾರಾಗುತ್ತದಂತೆ.

ಏಪ್ರಿಲ್‌ನಲ್ಲಿ ಒಮಾಹಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಸ್ಟಾಪ್‌ವಾಚ್ ಈಗಾಗಲೇ ಕೊಂಡಾಯಿತು. ಎಲ್ಲಿ ಕೂತರೆ ಒಳ್ಳೆಯದು?

ಮೈಸೂರು ರಾಯಲ್:

ಹೋಂ ಪ್ಲೇಟ್ ಹಿಂದೆ, ಸ್ವಲ್ಪ ಬಲಕ್ಕೆ, ಎಂಟು ಹತ್ತನೇ ಸಾಲು. ಪಿಚರ್ ಕೈಯೂ ಕಾಣುತ್ತದೆ, ಎರಡನೇ ಬೇಸ್ ಕೂಡ. ಪಂದ್ಯಕ್ಕೆ ಒಂದು ಗಂಟೆ ಮುಂಚೆ ಹೋಗಿ, ಪ್ರಾಕ್ಟೀಸ್ ನೋಡಬಹುದು. ಸ್ವೆಟರ್ ಮರೆಯಬೇಡಿ ಅಕ್ಕಾ, ಆ ಬಯಲಿನಲ್ಲಿ ಏಪ್ರಿಲ್ ರಾತ್ರಿ ಗಾಳಿ ಜೋರು. ಬೆರಳು ಮರಗಟ್ಟಿದರೆ ಸ್ಟಾಪ್‌ವಾಚ್ ಸರಿಯಾಗಿ ಒತ್ತಲು ಆಗುವುದಿಲ್ಲ. ದಿನಾಂಕ ಗೊತ್ತಾದ ಕೂಡಲೇ ಇಲ್ಲಿ ಹಾಕಿ, ನಾನು, ಮಗಳು ಇಬ್ಬರೂ ಬರುತ್ತೇವೆ.